ಅಮೀರನ ಕಾಫಿ ಬಟ್ಟಲು

“ಬುದ್ಧಿ, ನನಗೆ ಸಾಕಾಗಿಹೋಗಿದೆ. ಮಠದ ದಾಸೋಹವನ್ನು ಇನ್ನು ಯಾರಾದರೂ ವಹಿಸಿಕೊಳ್ಳಿ ಎಂದರೆ ಒಬ್ಬನೂ ಮುಂದೆ ಬರುವುದಿಲ್ಲ. ಸಾರಿಗೆ ಉಪ್ಪು ಹಾಕಲೂ ನನ್ನ ಮುಖವನ್ನೇ ನೋಡುತ್ತಾರೆ. ಯಾಕೆ ಹೀಗೆ?” ಎಂದು ಮುರಿಗೆಯ್ಯ ಗುರುಗಳನ್ನು ಕೇಳಿದ.

ಗುರುಗಳು ಗೋಡೆಗೆ ಒರಗಿ ಕುಳಿತರು. “ಒಂದು ಕತೆ ಇದೆ, ಕೇಳು,” ಎಂದು ಹೇಳತೊಡಗಿದರು.

ಅರಬರ ನಾಡಿನಲ್ಲಿ ಒಂದು ರಾಜಮನೆತನವಿತ್ತು. ದೊರೆಯನ್ನು ಅಲ್ಲಿ ಅಮೀರ ಎನ್ನುತ್ತಿದ್ದರು. ಆ ಜನ ಅತಿಥಿಗೆ ಕಾಫಿ ಕೊಡುವುದು ಪುಟ್ಟ ಬಟ್ಟಲಿನಲ್ಲಿ. ಕುಡಿದವನು ಬಟ್ಟಲನ್ನು ಸುಮ್ಮನೆ ಚಾಚಿದರೆ ಇನ್ನಷ್ಟು ಬೇಕು ಎಂದರ್ಥ. ಅಲುಗಾಡಿಸಿದರೆ ಸಾಕು ಎಂದರ್ಥ. ಬಾಯಿಬಿಟ್ಟು ಹೇಳಬೇಕಿಲ್ಲ. ಆ ಮನೆತನದ ಮೂಲಪುರುಷ ಈ ಪದ್ಧತಿಯನ್ನೇ ರಾಜ್ಯಕ್ಕೂ ತಂದ. ಹಬ್ಬದ ದಿನ ತುಂಬಿದ ಸಭೆಯಲ್ಲಿ ಹಿರಿಯ ಮಗ ತಂದೆಗೆ ಕಾಫಿ ಹಾಕಬೇಕು. ಯಾವ ವರ್ಷ ತಂದೆ ಮೊದಲ ಬಟ್ಟಲು ಕುಡಿದು ಅಲುಗಾಡಿಸುತ್ತಾನೋ, ಆ ವರ್ಷ ಮಗ ಕಾಫಿಯ ಗಿಂಡಿಯನ್ನು ಕೆಳಗಿಟ್ಟು ಗದ್ದುಗೆ ಏರಬೇಕು. ಮೂಲಪುರುಷ ಹಾಗೆಯೇ ಇಳಿದು ಒಂಟೆ ಮೇಯಿಸಲು ಹೋದ. ಅವನ ಮಗನೂ ನಗುನಗುತ್ತ ಇಳಿದ. ಕತ್ತಿ ಹಿರಿಯದೆ ರಾಜ್ಯ ಕೈಬದಲಾಯಿಸಿದ್ದನ್ನು ಕಂಡು ಸುತ್ತಲ ಜನ ಮೂಗಿನ ಮೇಲೆ ಬೆರಳಿಟ್ಟರು.

ಮೂರನೆಯವನು ಮಾತ್ರ ಬಟ್ಟಲು ಚಾಚುತ್ತಲೇ ಹೋದ. ಮನುಷ್ಯ ಕೆಟ್ಟವನೇನಲ್ಲ. ತಾನಿಲ್ಲದಿದ್ದರೆ ಎಲ್ಲ ಹಾಳಾಗುತ್ತದೆ ಎಂದು ಮನಸಾರೆ ನಂಬಿದ್ದ, ಅಷ್ಟೇ. ಬರುವ ವರ್ಷ ನೋಡೋಣ ಎಂದುಕೊಳ್ಳುವಷ್ಟರಲ್ಲಿ ಹಿರಿಯ ಮಗನ ಗಡ್ಡವೂ ನರೆಯಿತು.

ಒಂದು ಹಬ್ಬದ ದಿನ ಅಮೀರನ ಕೈಯಲ್ಲಿ ಬಟ್ಟಲು ಅಲುಗಿತು. ಹಿರಿಯ ಮಗ ಗಿಂಡಿಯನ್ನು ಕೆಳಗಿಟ್ಟ. ಸಭೆ ಎದ್ದು ನಿಂತಿತು. ಅಮೀರನಿಗೆ ಮೈಯೆಲ್ಲ ಉರಿದುಹೋಯಿತು.

“ಇದು ಮುಪ್ಪಿನ ನಡುಕ! ನಾನು ಯಾವಾಗ ಇಳಿಯುತ್ತೇನೆಂದು ಬಾಯಿಬಿಟ್ಟುಕೊಂಡು ಕಾಯುತ್ತಿದ್ದೆಯಾ?” ಎಂದು ಅಬ್ಬರಿಸಿದ. ಹೊತ್ತು ಮುಳುಗುವುದರೊಳಗೆ ಹಿರಿಯ ಮಗ ಗಡಿ ದಾಟಬೇಕಾಯಿತು. ಗಿಂಡಿ ಕಿರಿಯ ಮಗನ ಕೈಗೆ ಬಂತು.

ವರ್ಷಗಳು ಕಳೆದವು. ಅಮೀರ ದಣಿದ. ದೂರು ಕೇಳುತ್ತಿದ್ದಂತೆಯೇ ರೆಪ್ಪೆ ಮುಚ್ಚುತ್ತಿತ್ತು. ಯಾರ ಒಂಟೆ, ಯಾರ ಬಾವಿ ಎಂಬುದು ತೀರ್ಪಿನ ನಡುವೆಯೇ ಮರೆತುಹೋಗುತ್ತಿತ್ತು. ಅಜ್ಜನ ಹಾಗೆ ಒಂಟೆಗಳ ಹಿಂದೆ ಸುಮ್ಮನೆ ನಡೆಯಬೇಕು, ಯಾರೂ ತನ್ನನ್ನು ಏನೂ ಕೇಳಬಾರದು. ಅವನಿಗೆ ಉಳಿದಿದ್ದ ಆಸೆ ಅದೊಂದೇ. ಆ ವರ್ಷ ಹಬ್ಬದ ದಿನ ಕಾಫಿ ಕುಡಿದು ಬಟ್ಟಲನ್ನು ಬೇಕೆಂದೇ ಅಲುಗಾಡಿಸಿದ. ಕಿರಿಯ ಮಗ ಮತ್ತೆ ಕಾಫಿ ಹಾಕಿದ. ಅಮೀರ ಅದನ್ನೂ ಕುಡಿದು ಇನ್ನೂ ಜೋರಾಗಿ ಅಲುಗಾಡಿಸಿದ. ಮಗ ಮತ್ತೆ ಹಾಕಿದ.

“ಸಾಕು ಮಗನೇ. ಇದು ನಡುಕವಲ್ಲ. ನಾನೇ ಅಲುಗಾಡಿಸಿದ್ದು.”

ಮಗ ತಲೆ ಎತ್ತಲಿಲ್ಲ. ಅಣ್ಣ ಗಡಿ ದಾಟಿದ ದಿನವನ್ನು ಅವನು ಮರೆತಿರಲಿಲ್ಲ. “ಇಲ್ಲ ಅಪ್ಪಾ, ಮುಪ್ಪಿನ ನಡುಕ. ನೀವು ನೂರು ಕಾಲ ಬಾಳಬೇಕು,” ಎಂದು ಗಿಂಡಿ ಬಗ್ಗಿಸಿದ. ಸಭೆಯಲ್ಲಿ ಒಬ್ಬರೂ ಏಳಲಿಲ್ಲ.

ಅಮೀರ ಗದ್ದುಗೆಯ ಮೇಲೆಯೇ ತೀರಿಕೊಂಡ. ಆಮೇಲೆ ಆ ಮನೆಯಲ್ಲಿ ಕತ್ತಿಗಳು ಹೊರಬಂದವು, ಮನೆತನ ಮಣ್ಣುಗೂಡಿತು. ಈಗ ಅರಮನೆಯ ಗುರುತೂ ಇಲ್ಲ. ಆ ಮರಳಿನಲ್ಲಿ ಡೇರೆ ಹಾಕುವ ಕುರಿಗಾಹಿಗಳು ಮಾತ್ರ ಕಾಫಿ ಕುಡಿದು ಬಟ್ಟಲು ಅಲುಗಾಡಿಸುತ್ತಾರೆ. ಹಾಕುವವನು ನಿಲ್ಲಿಸುತ್ತಾನೆ.

ಕತೆ ಮುಗಿಯಿತು. ಮುರಿಗೆಯ್ಯ ನಿಟ್ಟುಸಿರುಬಿಟ್ಟ. “ಆ ಕಿರಿಯ ಮಗ ಶುದ್ಧ ಹೇಡಿ, ಬುದ್ಧಿ. ಅಪ್ಪನೇ ಸಾಕು ಎಂದ ಮೇಲೂ ವಹಿಸಿಕೊಳ್ಳಬಾರದಿತ್ತೇ?”

ಗುರುಗಳು ಕಣ್ಣು ಮುಚ್ಚಿಕೊಂಡೇ ಕೇಳಿದರು: “ಹೋದ ವರ್ಷ ನೀನು ಜ್ವರ ಬಂದು ಮಲಗಿದ್ದಾಗ, ಹಸಿದವರು ಕಾಯುತ್ತಿದ್ದಾರೆಂದು ನಿನ್ನನ್ನು ಕೇಳದೆ ಉಗ್ರಾಣದ ಬೀಗ ತೆಗೆದನಲ್ಲ ಫಕೀರಯ್ಯ, ಅವನನ್ನು ಎಲ್ಲಿಗೆ ಕಳಿಸಿದೆ?”