ಲಕ್ಕಿ ಗಿಡದ ಅಪ್ಪಣೆ

ವಾರಿಜಾ ಹೊಳೆದಂಡೆಯ ಗುಡಿಸಲಿಗೆ ಬಂದಾಗ ಹೆಗಲಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆಬರೆ. ಇನ್ನೊಂದರಲ್ಲಿ ಬಣ್ಣಬಣ್ಣದ ಹರಳು, ಏಳು ಬಗೆಯ ಮೇಣದಬತ್ತಿ, ಭವಿಷ್ಯ ಹೇಳುವ ಕಾರ್ಡು, ಮಂತ್ರದ ಪುಸ್ತಕ, ಹಿತ್ತಾಳೆಯ ಗಂಟೆ, ಇನ್ನೂ ಏನೇನೋ.

ಗುಡಿಸಲಲ್ಲಿ ಇದ್ದವರು ದೇವೀರಮ್ಮ. ಊರಿನವರು ಬೆನ್ನ ಹಿಂದೆ ಅವರನ್ನು ಮಾಟಗಾತಿ ಅನ್ನುತ್ತಿದ್ದರು. ಮಗು ರಚ್ಚೆ ಹಿಡಿದರೆ ಅದೇ ಜನ ದೃಷ್ಟಿ ತೆಗೆಸಲು ಅವರ ಬಾಗಿಲಿಗೇ ಓಡಿ ಬರುತ್ತಿದ್ದರು. ದೇವೀರಮ್ಮ ಎರಡಕ್ಕೂ ತಲೆ ಕೆಡಿಸಿಕೊಂಡವರಲ್ಲ.

"ಏನವ್ವ, ಸಂತೆ ಹೂಡೋಕೆ ಬಂದ್ಯಾ?"

"ಮಾಟ ಕಲಿಯೋಕೆ ಬಂದೆ ಅಮ್ಮ. ಯಾರಿಗೂ ಕೇಡು ಮಾಡೋಕಲ್ಲ, ನನಗೋಸ್ಕರ." ವಾರಿಜಾ ಚೀಲಗಳನ್ನು ಕೆಳಗಿಳಿಸಿದಳು. "ಎರಡು ವರ್ಷದಿಂದ ಎದೆ ಢವಢವ ಅನ್ನುತ್ತೆ. ಒಂದು ಕಡೆ ಕೂರೋಕಾಗಲ್ಲ. ಫೋನಲ್ಲಿ ನೋಡ್ಕೊಂಡು ನಾಲ್ಕು ಸಲ ಶುರು ಮಾಡ್ದೆ, ನಾಲ್ಕು ಸಲವೂ ಬಿಟ್ಟೆ. ಇದೇ ಕೊನೆ. ಇದೂ ಕೈಗೂಡಲಿಲ್ಲ ಅಂದ್ರೆ ನನಗೆ ಅಂತ ಏನೂ ಇಲ್ಲ ಅಂದ್ಕೊಂಡು ಸುಮ್ಮನಾಗ್ತೀನಿ."

"ಯಾಕೆ ಬಿಟ್ಟೆ?"

"ಒಂದ್ಸಲ ಹುಣ್ಣಿಮೆ ತಪ್ಪಿಹೋಯ್ತು. ಒಂದ್ಸಲ ಸರಿಯಾದ ಹರಳು ಸಿಗಲಿಲ್ಲ. ಆಮೇಲೆ ಮೇಣದಬತ್ತಿ ಬಣ್ಣ..."

ದೇವೀರಮ್ಮನಿಗೆ ನಗು ತಡೆಯಲಾಗಲಿಲ್ಲ. "ಆ ಚೀಲ ಮೂಲೇಲಿಡು. ಹೊಳೆದಂಡೇಲಿ ಲಕ್ಕಿ ಗಿಡ ಐತೆ. ಅದನ್ನ ಕೇಳಿ, ಧೂಪಕ್ಕೆ ಒಂದು ಕುಡಿ ಕಿತ್ಕೊಂಡು ಬಾ."

ವಾರಿಜಾ ಹೋದಷ್ಟೇ ಬೇಗ ಬಂದಳು. ಕೈಯಲ್ಲಿ ಹಸಿರು ಕುಡಿ.

"ಕೇಳಿದ್ಯಾ?"

"ಕೇಳ್ದೆ. ಪುಸ್ತಕದಲ್ಲಿರೋ ಮಾತನ್ನೇ ಮೂರು ಸಲ ಹೇಳ್ದೆ."

"ಅದೇನಂತು?"

ವಾರಿಜಾ ಕಣ್ಣು ಕಣ್ಣು ಬಿಟ್ಟಳು. "ಗಿಡ ಏನನ್ನುತ್ತಮ್ಮ?"

"ಮತ್ತೆ ಕೇಳಿದ್ದು ಯಾಕೆ?"

ಅವತ್ತು ದೇವೀರಮ್ಮ ಧೂಪ ಹಾಕಲಿಲ್ಲ. ಕುಡಿಯನ್ನು ಚೊಂಬಿನ ನೀರಿನಲ್ಲಿಟ್ಟು ತಮ್ಮ ಕೆಲಸ ನೋಡಿಕೊಂಡರು. ವಾರಿಜಾಳಿಗೆ ಮುಖ ಎತ್ತಲು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಅವಳು ಪುಸ್ತಕ ಬಿಟ್ಟು ಬರಿಗೈಯಲ್ಲಿ ಹೋದಳು. ಹೋದವಳು ಬಿಸಿಲೇರಿದರೂ ಬರಲಿಲ್ಲ. ದೇವೀರಮ್ಮ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಇಳಿಸಿದ ಮೇಲೆ ಬಂದಳು. ಸೀರೆಯ ಸೆರಗಿಗೆಲ್ಲ ಮಣ್ಣು. ಕೈ ಖಾಲಿ.

"ಕುಡಿ ಎಲ್ಲವ್ವ?"

"ಕೀಳಲಿಲ್ಲ ಅಮ್ಮ. ಕೇಳಿ ಪಕ್ಕದಲ್ಲೇ ಕೂತೆ. ಒಂದು ಜೇಡ ಈ ಕುಡಿಯಿಂದ ಆ ಕುಡಿಗೆ ಎಳೆ ಕಟ್ತಾ ಇತ್ತು. ಯಾವುದನ್ನ ಕಿತ್ತರೂ ಅದರ ಬಲೆ ಹರಿಯೋದು. ಮುಗಿಸಲಿ ಅಂತ ನೋಡ್ತಾ ಕೂತೆ. ಎಷ್ಟೊತ್ತಾಯ್ತೋ ಗೊತ್ತಾಗಲಿಲ್ಲ. ಕೊನೆಗೆ, ಗಿಡ ಇವತ್ತು ಬೇಡ ಅಂತು ಅನ್ನಿಸ್ತು."

ಹೇಳುತ್ತ ಹೇಳುತ್ತ ಅವಳೇ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಅಷ್ಟು ಹೊತ್ತೂ ಆ ಢವಢವದ ನೆನಪೇ ಆಗಿರಲಿಲ್ಲ. ಅವಳಿಗೆ ಹಿತವೆನಿಸಿತು. ಮರುಕ್ಷಣವೇ ಹಳೆಯ ಚಿಂತೆ ತಲೆಯೆತ್ತಿತು.

"ಹಾಗಾದ್ರೆ ಇವತ್ತೂ ಧೂಪವಿಲ್ಲ, ಮಂತ್ರವಿಲ್ಲ. ಐದನೇ ಸಲವೂ ಹೀಗೇ ಆಯ್ತಲ್ಲ. ನಾನು ಯಾವತ್ತು ಶುರು ಮಾಡ್ಲಿ, ಅಮ್ಮ?"

ದೇವೀರಮ್ಮ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದರು.

"ಉಣ್ಣು ಮಗಾ. ನಾಳೆಗೆ ಎರಡನೇ ದಿನ."