ದೋಣಿಗೆ ಹತ್ತು ರೂಪಾಯಿ

ಕೃಷ್ಣೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಮಠದ ಮಗ್ಗುಲಲ್ಲೇ ಒಂದು ಖಾನಾವಳಿ. ದಾರಿಹೋಕರು ದುಡ್ಡು ಕೊಟ್ಟು ಉಣ್ಣುತ್ತಿದ್ದರು. ಆ ಗಳಿಕೆಯಿಂದಲೇ ಮಠದ ಖರ್ಚು ಸಾಗುತ್ತಿತ್ತು.

ಖಾನಾವಳಿ ನೋಡಿಕೊಳ್ಳುತ್ತಿದ್ದವನು ಈರಭದ್ರ. ಮಠದ ಅಡಿವೆಪ್ಪಜ್ಜನವರ ಶಿಷ್ಯ. ಕೈಯೂ ಚುರುಕು, ಮಾತೂ ಚುರುಕು.

ಆ ವರ್ಷದ ಮಹಾಪೂರ ಕಡವಿನ ದೋಣಿಯನ್ನು ಕೊಚ್ಚಿಕೊಂಡು ಹೋಯಿತು. ಅದಾದ ಕೆಲವೇ ದಿನಕ್ಕೆ ಆಚೆ ದಂಡೆಯಲ್ಲಿ ಜನ ಕೂಗುವುದು ಕೇಳಿಸಿತು. ಹೆರಿಗೆ ಬೇನೆ ತಿನ್ನುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಹೊರಸಿನ ಮೇಲೆ ಹೊತ್ತು ತಂದಿದ್ದರು. ಆಸ್ಪತ್ರೆ ಈಚೆ ದಂಡೆಯಲ್ಲಿತ್ತು. ದಾಟಿಸಲು ಏನೂ ಇರಲಿಲ್ಲ.

ದೂರದ ಸೇತುವೆ ಸುತ್ತಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಈರಭದ್ರ ಆ ಕೂಗನ್ನು ಈಚೆ ದಂಡೆಯಲ್ಲಿ ನಿಂತು ಕೇಳಿದ್ದ. ಅವನ ಬಾಯಿಗೆ ತುತ್ತು ಹೋಗದಾಯಿತು.

"ಅಜ್ಜಾರ, ಮುಂದಿನ ಮಳಿಗಾಲದೊಳಗ ಹೊಸಾ ದೋಣಿ ನೀರಿಗೆ ಇಳಸ್ತೀನ್ರಿ" ಅಂದ.

"ಇಳಸು" ಅಂದರು ಅಜ್ಜ.

"ಖಾನಾವಳಿಗೆ ಬಂದವರನ್ನ ಕೇಳ್ಲೇನ್ರಿ?"

"ಕೇಳು."

ಮಾರನೆಯ ದಿನವೇ ಗೋಡೆಯ ಮೇಲೆ ಬರಹ ಬಿತ್ತು: 'ದೋಣಿಗಾಗಿ ಪ್ರತಿ ಊಟಕ್ಕೆ ಹತ್ತು ರೂಪಾಯಿ ಬಿಲ್ಲಿನಲ್ಲಿ ಸೇರಿಸಲಾಗುವುದು. ಬೇಡವಾದವರು ತಿಳಿಸಿ.'

ಬೇಡ ಅನ್ನುವವರು ಯಾರೂ ಇರಲಿಲ್ಲ. ಯಾರಾದರೂ ಬಿಲ್ಲನ್ನು ಒಂದು ಗಳಿಗೆ ಹೆಚ್ಚು ನೋಡಿದರೆ ಸಾಕು, ಈರಭದ್ರ ದುಡ್ಡು ಎಣಿಸುವ ಗಲ್ಲೆಯಿಂದಲೇ ಕೇಳುತ್ತಿದ್ದ, "ಯಾಕ್ರೀ ಯಜಮಾನ್ರ, ದೋಣೀದು ತೆಗೀಲೇನು?"

ಉಣ್ಣುತ್ತಿದ್ದವರೆಲ್ಲ ಕತ್ತೆತ್ತಿ ನೋಡುತ್ತಿದ್ದರು.

"ಇರ್ಲಿ ಬಿಡ್ರಿ" ಅಂದು ಆ ಮನುಷ್ಯ ಕಿಸೆಗೆ ಕೈ ಹಾಕುತ್ತಿದ್ದ.

ದೋಣಿಯ ದುಡ್ಡಿಗೆಂದು ಇಟ್ಟ ಡಬ್ಬಿ ಬೇಗ ಬೇಗ ತುಂಬಿತು. ಆಮೇಲೆ ನಿಧಾನವಾಗಿ ತುಂಬಿತು. ಆಮೇಲೆ ಪಂಕ್ತಿಯಲ್ಲಿ ಖಾಲಿ ಮಣೆಗಳು ಕಾಣತೊಡಗಿದವು.

ಕಸಬರಿಗೆ ಮಾರುವ ದುರುಗವ್ವ ಎಂಬವಳು ಸಂತೆಯ ದಿನ ತಪ್ಪದೆ ಊಟಕ್ಕೆ ಬರುತ್ತಿದ್ದಳು. ಅವಳೂ ಬರುವುದು ನಿಲ್ಲಿಸಿದಳು. ಒಂದು ಮಧ್ಯಾಹ್ನ ಈರಭದ್ರ ಹೊಳೆಗೆ ಹೋದಾಗ ಅವಳು ಮೆಟ್ಟಿಲ ಮೇಲೆ ಕೂತು ಒಣ ಚುರುಮುರಿ ಮುಕ್ಕುತ್ತಿದ್ದಳು.

"ಯಾಕವಾ, ಊಟಕ್ಕ ಬರವಲ್ಲಿ?"

"ಹೊಟ್ಟಿ ಸರಿ ಇಲ್ಲೋ ಯಪ್ಪಾ" ಅಂದಳು ದುರುಗವ್ವ. ಹೇಳುವಾಗ ಅವನ ಮುಖ ನೋಡಲಿಲ್ಲ.

ಈರಭದ್ರ ಅಜ್ಜನವರ ಬಳಿ ಬಂದು ಸಿಡುಕಿದ. "ಮಂದಿಗೆ ಕರುಳಿಲ್ರಿ ಅಜ್ಜಾರ. ಒಂದು ಹತ್ತು ರೂಪಾಯಿಗೆ ಹೆದರಿ ಬಾಗಲಾ ತುಳಿಯೂದು ಬಿಟ್ಟಾರ."

"ಯಾರರೆ ಬ್ಯಾಡ ಅಂದಾರೇನು?"

"ಇಲ್ರಿ! ಇವತ್ತಿನ ತನಕ ಒಬ್ಬರೂ ಅಂದಿಲ್ಲ."

"ಹಂಗಾರ ಒಬ್ಬರೂ ಕೊಟ್ಟೂ ಇಲ್ಲ" ಅಂದರು ಅಜ್ಜ.

ಈರಭದ್ರನಿಗೆ ತಲೆಬುಡ ತಿಳಿಯಲಿಲ್ಲ. ಡಬ್ಬಿಯಲ್ಲಿ ದುಡ್ಡಿತ್ತಲ್ಲ!

ಮರುದಿನ ಉಣ್ಣುವ ಹೊತ್ತಿಗೆ ಅಜ್ಜನವರೇ ಖಾನಾವಳಿಗೆ ಬಂದರು. ಎಂದೂ ಬಂದವರಲ್ಲ. ಜನ ಎದ್ದು ನಿಂತರು. ಅವರು ಎಲ್ಲರನ್ನೂ ಕೂಡಿಸಿ ಪಂಕ್ತಿಯ ನಡುವೆ ತಾವೂ ಕೂತರು. ರೊಟ್ಟಿ, ಎಣಗಾಯಿ ಪಲ್ಯ ನೀಡಿಸಿಕೊಂಡು ಉಂಡರು. ಕೈ ತೊಳೆದು ಗಲ್ಲೆಯ ಮುಂದೆ ಬಂದು ನಿಂತರು.

"ನಂದೂ ಬಿಲ್ ಕೊಡು."

"ನಿಮಗೆಂತಾ ಬಿಲ್ರಿ ಅಜ್ಜಾರ?"

"ಎಲ್ಲಾರಿಗೂ ಕೊಟ್ಟಂಗ ಕೊಡು."

ಕೊಟ್ಟ. ಅಜ್ಜ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಆಮೇಲೆ ಇಡೀ ಖಾನಾವಳಿಗೆ ಕೇಳುವಂತೆ ಅಂದರು, "ಈ ಹತ್ತು ತೆಗಿ. ನಾ ಕೊಡಂಗಿಲ್ಲ."

ತುತ್ತು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು.

"ಅಜ್ಜಾರ... ದೋಣಿಗ್ರಿ ಅದು."

"ಗೊತ್ತೈತಿ. ತೆಗಿ."

ಈರಭದ್ರನ ಕಿವಿ ಕೆಂಪೇರಿತು. ಬಿಲ್ಲು ತಿದ್ದಿದ. ಅಜ್ಜ ಊಟದ ದುಡ್ಡಷ್ಟೇ ಎಣಿಸಿ ಕೊಟ್ಟು, ಹೆಗಲ ವಸ್ತ್ರ ಸರಿಮಾಡಿಕೊಂಡು ಹೊರಟರು.

"ಮಠದಾಗ ಕೂತವರಿಗೇ ಇಷ್ಟು ಜಿಪುಣತನ ನೋಡು" ಎಂದು ಯಾರೋ ಗೊಣಗಿದರು. ಅಜ್ಜನಿಗೂ ಕೇಳಿಸಿತು. ಅವರು ತಿರುಗಲಿಲ್ಲ.

ಸ್ವಲ್ಪ ಹೊತ್ತಿಗೆ ಲಾರಿ ಓಡಿಸುವವನೊಬ್ಬ ಎದ್ದು ಬಂದ. "ನಂದೂ ತೆಗೀರಿ" ಅಂದ. ಅವನ ಹಿಂದೆ ಇನ್ನೊಬ್ಬ. ಸಂಜೆಯವರೆಗೆ ಅದೇ ಮಾತು.

ಈರಭದ್ರ ಅಂದು ಒಂದು ಪೈಸೆಯೂ ಬೀಳದ ಡಬ್ಬಿ ತಂದು ಅಜ್ಜನವರ ಮುಂದೆ ಕುಕ್ಕಿದ.

"ದೋಣಿ ಹುಟ್ಟೂಕಿಂತ ಮೊದ್ಲ ಮುಳುಗಿಸಿಬಿಟ್ರಿ!"

"ನಾಳೆ ಏನು ಪಲ್ಯ?" ಅಂತ ಕೇಳಿದರು ಅಜ್ಜ.

ನಾಳೆಯೂ ಬಂದರು, ನಾಡಿದ್ದೂ ಬಂದರು. ದಿನವೂ ಗಟ್ಟಿ ದನಿಯಲ್ಲಿ ಅದೇ ಮಾತು: "ನಾ ಕೊಡಂಗಿಲ್ಲ." ಈಗ ಜನ ನಗುತ್ತಿದ್ದರು. ಪಂಕ್ತಿ ಮತ್ತೆ ತುಂಬತೊಡಗಿತು.

ಸಂತೆಯ ದಿನ ದುರುಗವ್ವ ಬಂದಳು. ಗಲ್ಲೆಯ ಹತ್ತಿರ ನಿಂತು ಮೊದಲೇ ಹೇಳಿದಳು, "ನಂದೂ ಹತ್ತು ಹಿಡೀಬ್ಯಾಡಪಾ. ಅಜ್ಜಾರೇ ಕೊಡವಲ್ರು, ನಾ ಎಲ್ಲಿಂದ ಕೊಡ್ಲಿ?"

"ಇಲ್ಲವಾ, ಹಿಡಿಯಂಗಿಲ್ಲ" ಅಂದ ಈರಭದ್ರ, ಸೋತ ದನಿಯಲ್ಲಿ.

ಅವಳು ತಲೆಯೆತ್ತಿ ಕೂತಳು. ಎರಡನೆಯ ರೊಟ್ಟಿ ಕೇಳಿದಳು, ಮೂರನೆಯದನ್ನೂ ಕೇಳಿದಳು. ಅವಳು ಉಣ್ಣುವುದನ್ನು ನೋಡುತ್ತ ಈರಭದ್ರನಿಗೆ ಹೊಳೆಯ ಮೆಟ್ಟಿಲು ನೆನಪಾಯಿತು, ಒಣ ಚುರುಮುರಿ ನೆನಪಾಯಿತು.

ಹೋಗುವಾಗ ಅವಳು ತನ್ನ ಹೊರೆಯಿಂದ ಒಂದು ಗಟ್ಟಿ ಕಸಬರಿಗೆ ಎಳೆದು ಗಲ್ಲೆಯ ಮೇಲೆ ಇಟ್ಟಳು.

"ಇದೇನವಾ?"

"ದೋಣಿ ಗುಡಸಾಕ ಒಂದು ಬೇಕಲ್ಲೋ."

"ದೋಣೀನ ಇಲ್ಲಲ್ಲವಾ ಇನ್ನಾ!"

"ಆಗ್ತೈತಿ ತಗೋ" ಅಂದು ದುರುಗವ್ವ ಹೊರೆ ಹೊತ್ತು ನಡೆದಳು.

ಈರಭದ್ರ ಕಸಬರಿಗೆ ಪಕ್ಕಕ್ಕಿಟ್ಟ. ಆಮೇಲೆ ಎದ್ದು, ಸುಣ್ಣದ ಬಟ್ಟಲು ತಂದು ಗೋಡೆಯ ಬರಹ ಬಳಿದುಹಾಕಿದ. ಡಬ್ಬಿಯನ್ನು, ಯಾರು ಹಾಕಿದರು ಯಾರು ಬಿಟ್ಟರು ಎಂದು ಯಾರಿಗೂ ಕಾಣದಂತೆ, ಕೈತೊಳೆಯುವ ಗೋಡೆಯ ಹಿಂದೆ ಇಟ್ಟ. ಕಸಬರಿಗೆಯನ್ನು ಮಾತ್ರ ಬಾಗಿಲಲ್ಲೇ ತೂಗುಹಾಕಿದ. ಕೇಳಿದವರಿಗೆ, "ದೋಣೀದ್ರಿ, ಒಬ್ಬಾಕಿ ಕೊಟ್ಟು ಹೋದ್ಲು" ಅಂತಿದ್ದ. ಅಷ್ಟೇ.

ಮೊದಲು ಬಂದವನು ಆ ಲಾರಿಯವನು. ಕಟ್ಟಿಗೆ ಅಡ್ಡೆಯ ಮಾಲೀಕರನ್ನು ಹಿಡಿದು ಸಾಗವಾನಿ ಹಲಗೆ ಕೊಡಿಸಿಕೊಂಡು ಬಂದಿದ್ದ. ಅಂಗಳದಲ್ಲಿ ಇಳಿಸಿ, "ಅವತ್ತು ಹತ್ತು ಕೊಟ್ಟಿದ್ರ ಅಲ್ಲಿಗೇ ಮರ್ತು ಹೋಗ್ತಿದ್ದೆ" ಎಂದು ನಕ್ಕ. ಹಲಗೆ ನೋಡಿ ಮೌನೇಶ ಬಡಿಗೇರ ಉಳಿ ತಂದ, ಕೂಲಿಯ ಮಾತೆತ್ತಲಿಲ್ಲ. ಡಬ್ಬಿ ಎರಡು ಸಲ ತುಂಬಿ ಚೆಲ್ಲಿತು. ಆಚೆ ದಂಡೆಯವರು ಸೇತುವೆ ಸುತ್ತಿ ಬಂದು ತಾವೇ ರಾಳ ಕಾಯಿಸಿ ಸಂದಿಗೆ ಮೆತ್ತಿದರು.

ಮಳೆಗಾಲಕ್ಕೆ ಮುಂಚೆ ದೋಣಿ ನೀರಿಗಿಳಿಯಿತು. ಹಲಗೆ ವಾದ್ಯಕ್ಕೆ ಎರಡೂ ದಂಡೆ ಕುಣಿದವು. ಪಕ್ಕದ ಗೋಣ್ಯಾಳದ ಪೈಲವಾನರು ಹುಟ್ಟು ಹಾಕಿದರು, ದುರುಗವ್ವ ಮೊದಲು ಹತ್ತಿ ಕೂತಳು.

ಹೊಳೆ ತುಂಬಿ ಹರಿಯುತ್ತಿದ್ದ ಒಂದು ಮಧ್ಯಾಹ್ನ ಆಚೆಯಿಂದ ಬಸುರಿಯೊಬ್ಬಳನ್ನು ಅದೇ ದೋಣಿ ದಾಟಿಸಿತು. ಪಂಕ್ತಿ ಉಣ್ಣುತ್ತಿರುವಾಗಲೇ ಆಸ್ಪತ್ರೆಯಿಂದ ಸುದ್ದಿ ಬಂತು: "ಹೆಣ್ಣುಕೂಸು! ಇಬ್ಬರೂ ಆರಾಮದಾರ!" ಎಂಜಲು ಕೈಯಲ್ಲೇ ಜನ ಎದ್ದು ಕೂಗಿದರು. ಈರಭದ್ರ ಅಳುತ್ತ, ನಗುತ್ತ ಎಲ್ಲರಿಗೂ ಗೋಧಿ ಹುಗ್ಗಿ ಬಡಿಸಿದ. ಯಾರಿಗೂ ಬಿಲ್ಲು ಹರಿಯಲಿಲ್ಲ.

ಅಜ್ಜನವರಿಗೆ ಹುಗ್ಗಿ ಒಯ್ದು ಕೊಟ್ಟು ಪಕ್ಕದಲ್ಲಿ ಕೂತ.

"ಗೆದ್ವಿ ಅಜ್ಜಾರ" ಅಂದ.

"ಹೌದು, ಗೆದ್ವಿ" ಅಂದರು ಅಜ್ಜ. ಹುಗ್ಗಿಗೆ ಇನ್ನಷ್ಟು ತುಪ್ಪ ಕೇಳಿದರು.

ತುಪ್ಪ ಹಾಕುತ್ತ ಈರಭದ್ರನಿಗೆ ಚೇಷ್ಟೆ ಹೊಳೆಯಿತು. "ಊರಾಗ ಎಲ್ಲಾರೂ ಕೊಟ್ರು. ನೀವೊಬ್ಬರ ನೋಡ್ರಿ, ಏನೂ ಕೊಡಲಿಲ್ಲ."

ಅಜ್ಜ ಬೆರಳು ನೆಕ್ಕಿಕೊಂಡು ಅವನ ಕಡೆ ನೋಡಿದರು.

"ಯಾಕೋ ತಮ್ಮಾ, ಬ್ಯಾಡ ಅನ್ನಾಕ ಎಲ್ಲಾರೂ ನಾಚ್ಕೋತಿದ್ರಲ್ಲ, ಆ ನಾಚಿಕೀನ ಎಲ್ಲಾರ ಪಾಲಿಂದೂ ನಾನ ಕೊಟ್ಟೀನಿ."