ಹಮ್ಮಣ್ಣನ ಜಾಗ

ಯಾವ ಕಾಲ ಎಂದು ಮಾತ್ರ ಕೇಳಬೇಡಿ. ನನ್ನ ಅಜ್ಜಿಗೆ ಅವಳ ಅಜ್ಜಿ ಈ ಕತೆ ಹೇಳುವಾಗಲೂ ‘ಬಹಳ ಹಿಂದೆ’ ಎಂದೇ ಶುರು ಮಾಡುತ್ತಿದ್ದಳಂತೆ. ಅಂದಮೇಲೆ ನಿಜಕ್ಕೂ ಬಹಳ ಹಿಂದೆಯೇ ಇರಬೇಕು. ಹೊಳೆ ಹೋಗಿ ಸಮುದ್ರ ಸೇರುವ ಕಡೆ ಅಳಿವೆಕೊಡ್ಲು ಎಂಬ ಊರು. ಆ ಊರಲ್ಲಿ ಗೋಯ್ದಾಚಾರಿ ಎಂಬ ಬಡಗಿ ಇದ್ದನಂತೆ.

ಅವನು ಬಾಚಿ ಹಿಡಿದು ಮರದ ಮುಂದೆ ನಿಂತರೆ, ಇಲ್ಲಿ ಕಡಿ, ಇಲ್ಲಿ ಬಿಡು ಎಂದು ಮರವೇ ಹೇಳುತ್ತಿತ್ತಂತೆ. ಅವನು ಜೋಡಿಸಿದ ಹಲಗೆಗಳ ನಡುವೆ ಇರುವೆಗೂ ದಾರಿ ಇರುತ್ತಿರಲಿಲ್ಲವಂತೆ. ಇಷ್ಟನ್ನು ನಂಬಬಹುದು. ಅವನು ಮಾಡಿದ ದೋಣಿ ತಾನಾಗಿಯೇ ಮೀನು ಹುಡುಕಿಕೊಂಡು ಹೋಗುತ್ತಿತ್ತು ಎನ್ನುವವರೂ ಇದ್ದಾರೆ. ಅದನ್ನು ನಾನು ನಂಬುವುದಿಲ್ಲ, ನೀವು ಬೇಕಾದರೆ ನಂಬಿ.

ಆ ಸೀಮೆಯನ್ನು ಆಗ ಒಬ್ಬ ರಾಣಿ ಆಳುತ್ತಿದ್ದಳಂತೆ. ಕಡಲಿನಿಂದ ಬರುವ ವೈರಿಗಳ ಕಾಟ ಹೆಚ್ಚಾದಾಗ, ಒಂದು ಯುದ್ಧದ ಹಡಗು ಕಟ್ಟಿಕೊಡು ಎಂದು ಗೋಯ್ದಾಚಾರಿಗೆ ಹೇಳಿಕಳಿಸಿದಳಂತೆ. ಅವನು ಕಟ್ಟಿದ. ಮೂರು ಕೂವೆಮರ, ಅಂದರೆ ಹಾಯಿ ಏರಿಸುವ ಕಂಬ. ಎರಡೂ ಪಕ್ಕಕ್ಕೆ ಸಾಲಾಗಿ ಫಿರಂಗಿ. ಮೂತಿಯಲ್ಲಿ ಬಾಯಿ ತೆರೆದ ಸಿಂಹ. ಅದು ನೀರಿಗಿಳಿದ ದಿನ ಹೊಳೆ ಒಂದು ಗೇಣು ಮೇಲೆ ಬಂತಂತೆ.

ಆಗೊಂದು ಕಟ್ಟಳೆ ಇತ್ತು. ಹಡಗು ಕಟ್ಟಿದ ಮನೆಯವನೊಬ್ಬ ಹಡಗಿನ ಜೊತೆಗೇ ಹೋಗಬೇಕು. ನಡುನೀರಲ್ಲಿ ಹಲಗೆ ಬಿಟ್ಟರೆ ಕೂಡಿಸುವವರು ಯಾರು? ಗೋಯ್ದಾಚಾರಿಯೇ ಹೊರಟಿದ್ದ. ಅವನ ತಮ್ಮ ಹಮ್ಮಣ್ಣ ಬಿಡಲಿಲ್ಲ. ಅಣ್ಣನಿಗೆ ಹೆಂಡತಿ ಮಕ್ಕಳಿದ್ದಾರೆ, ನನಗೇನಿದೆ ಎಂದು ಉಳಿ, ಕೊಡತಿಗಳನ್ನು ಚೀಲಕ್ಕೆ ತುಂಬಿಕೊಂಡು ನಗುನಗುತ್ತಾ ಹತ್ತಿದನಂತೆ. ಹಡಗು ಹೋಯಿತು. ಹೋದದ್ದು ಬರಲಿಲ್ಲ. ಬಿರುಗಾಳಿಗೆ ಸಿಕ್ಕಿತು ಎಂದರು. ವೈರಿಗಳು ಹಿಡಿದರು ಎಂದರು. ದೂರದ ಬಂದರಿನಲ್ಲಿ ನಿಂತಿದೆ ಎಂದೂ ಅಂದರು. ಕಣ್ಣಾರೆ ಕಂಡವರು ಯಾರೂ ಇಲ್ಲ.

ಅಣ್ಣತಮ್ಮಂದಿರ ತಾಯಿ ಬೀರಮ್ಮ. ಬಡಗಿಯ ಮಗಳು, ಬಡಗಿಯ ಹೆಂಡತಿ, ಇಬ್ಬರು ಬಡಗಿಗಳ ತಾಯಿ. ಹಡಗು ಕಟ್ಟುವ ಹೊತ್ತಿಗಾಗಲೇ ಅವಳ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಊರೆಲ್ಲ ನೋಡಿದ ಹಡಗನ್ನು ಅವಳೊಬ್ಬಳು ನೋಡಿರಲಿಲ್ಲ. ಮಗ ಯಾವಾಗ ಬರುತ್ತಾನೆ ಎಂದು ಅವಳು ಕೇಳಲಿಲ್ಲವಂತೆ. ಕಳಿಸುವುದು ಬಿಡುವುದು ಕಡಲಿನ ಇಷ್ಟ ಎಂದು ಅವಳಿಗೆ ಗೊತ್ತಿತ್ತು. ಮಳೆಗಾಲ ಹಿಡಿದ ದಿನ, ಮಾಡಿನ ಮೇಲೆ ನೀರು ಬೀಳುವ ಸದ್ದು ಕೇಳುತ್ತಾ ಕೂತವಳು ಹಿರಿಯ ಮಗನನ್ನು ಒಂದೇ ಒಂದು ಮಾತು ಕೇಳಿದಳಂತೆ.

“ಗೋಯ್ದಾ, ಆ ಹಡಗಲ್ಲಿ ನನ್ನ ಹಮ್ಮಣ್ಣ ಎಲ್ಲಿ ಮನಗ್ತಾ?”

ಒಳಗೆ ಬೆಚ್ಚಗೆ ಮಲಗುತ್ತಾನೆ ಎಂದ ಮಗ. ಒಳಗೆ ಅಂದರೆ ಎಲ್ಲಿ ಎಂದಳು ತಾಯಿ. ಹಡಗಿನ ಒಳಗು ಹೇಗಿದೆ ಎಂದು ಅವನು ಹೇಳಿದ, ಅವಳಿಗೆ ತಿಳಿಯಲಿಲ್ಲ. ಮತ್ತೆ ಹೇಳಿದ, ಮತ್ತೂ ತಿಳಿಯಲಿಲ್ಲ. ಅಂದಿನಿಂದ ಅವಳಿಗೆ ಅನ್ನ ಸೇರದಾಯಿತು. ಮಗ ಮಳೆಯಲ್ಲಿ ನೆನೆಯುತ್ತಿದ್ದಾನೋ ಇಲ್ಲವೋ ಎಂದು ತಿಳಿಯದೆ ತುತ್ತು ಗಂಟಲಲ್ಲಿ ಇಳಿಯುವುದು ಹೇಗೆ ಎನ್ನುತ್ತಿದ್ದಳಂತೆ. ಗಂಜಿಯ ತಿಳಿ ಒಂದೆರಡು ಗುಟುಕು, ಅಷ್ಟೇ. ಹೀಗೇ ಹೋದರೆ ಅಜ್ಜಿ ಮಳೆಗಾಲ ದಾಟುವುದಿಲ್ಲ ಎಂದು ಊರವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು.

ಕಣ್ಣಿಲ್ಲದಿದ್ದರೇನು, ಅಮ್ಮನಿಗೆ ಬೆರಳಿದೆಯಲ್ಲ ಎಂದುಕೊಂಡ ಗೋಯ್ದಾಚಾರಿ. ಹಡಗಿನಿಂದ ಮಿಕ್ಕಿದ ಸಾಗುವಾನಿಯ ತುಂಡುಗಳು ಅಟ್ಟದ ಮೇಲಿದ್ದವು. ಅವನ್ನು ಇಳಿಸಿ, ಅದೇ ಹಡಗಿನ ಮರಿಯೊಂದನ್ನು ಮಾಡಲು ಕೂತ. ಮೊಳಕ್ಕೊಂದು ಬೆರಳು, ಇದು ಅಳತೆ. ದೊಡ್ಡದರಲ್ಲಿ ಒಂದು ಮೊಳ ಇದ್ದದ್ದು ಮರಿಹಡಗಿನಲ್ಲಿ ಒಂದು ಬೆರಳು. ಬಿದಿರ ಕಡ್ಡಿಯ ಗೂಟ, ಹಳೇ ಪಂಚೆಯ ಹಾಯಿ, ತೆಂಗಿನ ನಾರಿನ ಹಗ್ಗ. ಅಮ್ಮನ ಕೈ ಒಳಗೆ ಹೋಗಲೆಂದು ಮೇಲಿನ ಹಲಗೆಯ ಹಾಸನ್ನು ಮುಚ್ಚಳದ ಹಾಗೆ ತೆಗೆದಿಡುವಂತೆ ಮಾಡಿದ. ಆ ಮರಿಹಡಗಿನ ಹಾಯಿ, ಗಾಳಿ ಇಲ್ಲದ ದಿನವೂ ಉಬ್ಬುತ್ತಿತ್ತು ಎಂದು ಹೇಳುತ್ತಾರೆ.

ತಳದಿಂದ ಒಂದೊಂದೇ ಕೋಣೆ ಮೇಲೆದ್ದಿತು. ಇಲ್ಲಿ ಮದ್ದುಗುಂಡು, ಇಲ್ಲಿ ನೀರಿನ ಹಂಡೆ, ಇಲ್ಲಿ ಹಗ್ಗದ ಸುರುಳಿ, ಇಲ್ಲಿ ನಾಯಕನ ಮಂಚ, ಇಲ್ಲಿ ಕೋಳಿಗಳ ಗೂಡು. ಎಲ್ಲ ಕೂಡಿಸಿ ನೋಡಿದ ಗೋಯ್ದಾಚಾರಿ ಉಳಿ ಕೆಳಗಿಟ್ಟುಬಿಟ್ಟನಂತೆ. ಕೋಳಿಗೂ ಜಾಗ ಇತ್ತು, ಬಡಗಿಗೆ ಜಾಗ ಇರಲಿಲ್ಲ. ಕಟ್ಟುವಾಗ ಅದು ಹೊಳೆದೇ ಇರಲಿಲ್ಲ. ತಾನು ಕಟ್ಟಿದ್ದರಲ್ಲಿ ತನಗೂ ಜಾಗ ಬೇಕು ಎಂದು ನಮ್ಮ ಕಡೆಯ ಯಾವ ಆಚಾರಿಗೆ ಹೊಳೆಯುತ್ತದೆ, ಹೇಳಿ? ಹಮ್ಮಣ್ಣ ಮೇಲೆ, ಬಯಲಲ್ಲಿ, ಹಗ್ಗದ ರಾಶಿಯ ಪಕ್ಕ ಮುದುರಿಕೊಂಡು ನೆನೆಯುತ್ತಿದ್ದ. ಅದೇ ನಿಜ.

ಬಡಗಿಗಳಲ್ಲಿ ಒಂದು ನೇಮ ಇತ್ತು. ದೊಡ್ಡದರಲ್ಲಿ ಇಲ್ಲದ್ದನ್ನು ಮರಿಯಲ್ಲಿ ಮಾಡಬಾರದು. ಮರಿಯನ್ನು ನೋಡಿ ದೊಡ್ಡದನ್ನು ಕಟ್ಟುವವರು ಅವರು, ಮರಿ ಸುಳ್ಳು ಹೇಳಿದರೆ ಜನ ಮುಳುಗುತ್ತಾರೆ. ಹಾಗೆ ಮಾಡಿದವನು ಅಳತೆಗೋಲು ಕೆಳಗಿಡಬೇಕು, ಮತ್ತೆಂದೂ ಹಡಗಿಗೆ ಕೈ ಹಚ್ಚಬಾರದು. ಗೋಯ್ದಾಚಾರಿಗೆ ಆ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಒಳಗೆ ಅಮ್ಮ ಕೆಮ್ಮುವುದು ಕೇಳಿಸುತ್ತಿತ್ತು. ನಡುವಿನ ಕೂವೆಮರದ ಪಕ್ಕ ಅವನೊಂದು ಕೋಣೆ ಮಾಡಿದ. ನಾಲ್ಕು ಬೆರಳು ಉದ್ದ, ಎರಡು ಬೆರಳು ಅಗಲ. ಒಬ್ಬ ಕಾಲು ಚಾಚಿ ಮಲಗಬಹುದು.

ಮರಿಹಡಗನ್ನು ತಂದು ತಾಯಿಯ ಮುಂದಿಟ್ಟ. ಬೀರಮ್ಮ ಸಿಂಹದ ಬಾಯಿಗೆ ಬೆರಳಿಟ್ಟು ನಕ್ಕಳಂತೆ. ಹಾಯಿ ಸವರಿದಳು, ಫಿರಂಗಿ ಎಣಿಸಿದಳು, ಹಾಸು ತೆಗೆದು ಒಳಗೆ ಕೈಹಾಕಿದಳು. ಇದೇ ನೋಡು ಅವನು ಮಲಗುವ ಜಾಗ ಎಂದು ಮಗ ಅವಳ ಬೆರಳನ್ನು ಆ ಕೋಣೆಗೆ ಮುಟ್ಟಿಸಿದ. ಅವಳು ಗೋಡೆ ಸವರಿದಳು. ಮೂಲೆ ಸವರಿದಳು. ಕೂವೆಮರದ ಬುಡಕ್ಕೆ ಬಂದು ಅವಳ ಬೆರಳು ನಿಂತಿತು. ಆ ಬುಡವನ್ನು ಎರಡೂ ಕಡೆಯಿಂದ ಅಡ್ಡತೊಲೆ ಹಿಡಿದಿರಬೇಕು. ಒಂದು ಕಡೆ ತೊಲೆ ಇರಲಿಲ್ಲ. ಕೋಣೆಗೆ ಜಾಗ ಮಾಡಲು ಮಗ ಅದನ್ನು ಕಡಿದಿದ್ದ. ಅಂಥ ಕೂವೆಮರ ಮೊದಲ ಗಾಳಿಗೇ ಬೀಳುತ್ತದೆ ಎಂದು ಬಡಗಿಯ ಮನೆಯ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಹಡಗಿನಲ್ಲಿ ಆ ಕೋಣೆ ಇಲ್ಲವೇ ಇಲ್ಲ ಎಂದು ಅವಳಿಗೆ ತಿಳಿಯಿತು. ಅದನ್ನು ಯಾಕೆ ಮಾಡಿದ್ದಾನೆ ಎಂದೂ ತಿಳಿಯಿತು.

ಬೀರಮ್ಮ ಉಟ್ಟ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ, ಒಂದು ತುಂಡು ಹರಿದು, ಮಡಿಸಿ ಆ ಕೋಣೆಯಲ್ಲಿ ಹಾಸಿದಳಂತೆ.

“ಇರ್ಲಿ ಗೋಯ್ದಾ,” ಎಂದಳು. “ಅಂವ ಇಲ್ಲೇ ಮನಗ್ಲಿ. ನಂಗೆ ಒಂದು ತುತ್ತು ಅನ್ನ ಹಾಕು.”

ಅಂದು ಉಂಡಳು. ಆಮೇಲೂ ಬಹಳ ಕಾಲ ಬದುಕಿದಳು. ದಿನಾ ಬೆಳಿಗ್ಗೆ ಮರಿಹಡಗಿನ ಮೇಲಿನ ಹಾಸು ತೆಗೆಯುತ್ತಿದ್ದಳಂತೆ, ಇಬ್ಬನಿ ಬೀಳಬಾರದೆಂದು ಸಂಜೆ ಮುಚ್ಚುತ್ತಿದ್ದಳಂತೆ.

ಗೋಯ್ದಾಚಾರಿ ಮರುದಿನವೇ ಬಡಗಿಗಳನ್ನು ಕರೆದು, ಮರಿಯಲ್ಲಿ ಸುಳ್ಳು ಮಾಡಿದ್ದೇನೆ ಎಂದು ಅಳತೆಗೋಲನ್ನು ನೆಲಕ್ಕಿಟ್ಟ. ಅವರು ಬಂದು ಕೋಣೆ ನೋಡಿದರು. ಒಳಗಿನ ಬಟ್ಟೆಯನ್ನೂ ನೋಡಿದರು. ಕೊನೆಗೆ ಅವರಲ್ಲಿ ಹಿರಿಯನೊಬ್ಬ ಕೋಲನ್ನೆತ್ತಿ ಅವನ ಕೈಗೆ ಕೊಟ್ಟು, ಇದು ಸುಳ್ಳಾಗದ ಹಾಗೆ ನೀನೇ ಮಾಡು ಎಂದನಂತೆ. ಅದಾದ ಮೇಲೆ ಗೋಯ್ದಾಚಾರಿ ಕಟ್ಟಿದ ಒಂದೊಂದು ಹಡಗಿನಲ್ಲೂ ಆ ಕೋಣೆ ಇತ್ತು. ತೊಲೆ ಕಡಿಯಬಾರದೆಂದು ಹಡಗನ್ನೇ ಉದ್ದ ಮಾಡಿದ.

ಈಗ ಹಡಗೂ ಇಲ್ಲ, ರಾಣಿಯೂ ಇಲ್ಲ. ನಮ್ಮವರು ಕಟ್ಟುವುದು ಮೀನಿನ ದೋಣಿ. ಆದರೂ ಅಳಿವೆಕೊಡ್ಲಿನಲ್ಲಿ ಯಾವ ದೋಣಿ ನೀರಿಗಿಳಿದರೂ ಒಳಗೊಂದು ಕಡೆ ಆಳುದ್ದ ಜಾಗ ಬಿಟ್ಟಿರುತ್ತಾರೆ. ಬಲೆ ಇಡಲು ಜಾಗ ಸಾಲುವುದಿಲ್ಲ ಎಂದು ಗೊಣಗುತ್ತಾರೆ, ಆದರೂ ಬಿಡುತ್ತಾರೆ. ದೋಣಿಯವನ ತಾಯಿ ಬಂದು ತನ್ನ ಹಳೇ ಸೀರೆಯ ತುಂಡೊಂದನ್ನು ಅಲ್ಲಿ ಹಾಸಿದ ಮೇಲೆಯೇ ದೋಣಿ ನೀರು ಮುಟ್ಟುವುದು. ಎಂಥ ಗಾಳಿಮಳೆ ಬಂದರೂ ಅಲ್ಲಿ ಯಾರೂ ಮಲಗುವುದಿಲ್ಲ. ಅದು ಹಮ್ಮಣ್ಣನ ಜಾಗ.